ಚಿನ್ನ ತೊಳೆದ ನೀರು

ಜೂನ್ ೩, ಸೋಮವಾರ

ಮುಖಪುಟದಲ್ಲಿ ಹಾಕಲು ಪತ್ರಿಕೆಯವರಿಗೆ ಒಂದು ಇಲಿಯ ಚಿತ್ರವೂ ಸಿಗಲಿಲ್ಲವೇನೋ. ಚಿನ್ನದ ಗಟ್ಟಿಗಳ ಚಿತ್ರ ಹಾಕಿದ್ದಾರೆ. ಕೆಳಗೆ ದಪ್ಪಕ್ಷರದಲ್ಲಿ: ‘ಕ್ಯಾನ್ಸರಿಗೆ ಚಿನ್ನದ ಮದ್ದು, ಶೀಘ್ರವೇ ಆಸ್ಪತ್ರೆಗೆ.’ ಒಳಪುಟದಲ್ಲಿ ನಮ್ಮ ಲ್ಯಾಬಿನ ಸರ್ ಕೈಕಟ್ಟಿ ನಗುತ್ತಿದ್ದಾರೆ. ಅವರ ಬೆನ್ನ ಹಿಂದೆ ಕಾಣುವ ಬೆಂಚು ನನ್ನದು. ಹದಿನಾಲ್ಕು ವರ್ಷದಿಂದ ಆ ಬೆಂಚಿನ ಮೇಲೆ ಚಿನ್ನದ ಕಣ ಕಾಯಿಸುತ್ತಿರುವವಳು ನಾನು. ಫೋಟೋದವನು ‘ಮೇಡಂ, ಒಂಚೂರು ಆ ಕಡೆ’ ಎಂದು ನನ್ನನ್ನು ಸರಿಸಿದ್ದ. ಸಿಟ್ಟು ಅದಕ್ಕಲ್ಲ. ಅದಕ್ಕೂ ಇರಬಹುದು, ಇದನ್ನು ಓದುವವರು ಯಾರೂ ಇಲ್ಲವಲ್ಲ. ಆದರೆ ‘ಶೀಘ್ರವೇ’ ಎಂಬ ಪದ ಎಲ್ಲಿಂದ ಉದುರಿತು?

ಸರ್ ಕೋಣೆಗೇ ಹೋಗಿ ಕೇಳಿದೆ.

‘ನಾನು ಹೇಳಿಲ್ಲ ಮೇಡಂ. ಮುಂದೊಂದು ದಿನ ಅಂದಿದ್ದೆ ಅಷ್ಟೆ.’

‘ಮುಂದೊಂದು ದಿನ ಅನ್ನೋದು ಶೀಘ್ರವೇ ಹೇಗಾಯ್ತು ಸರ್?’

‘ಅವರ ಕೈಗೆ ಸಿಕ್ರೆ ಏನು ಬೇಕಾದ್ರೂ ಆಗುತ್ತೆ. ಹೋಗ್ಲಿ ಬಿಡಿ, ಜನಕ್ಕೂ ಒಂದಿಷ್ಟು ಭರವಸೆ ಬೇಕಲ್ವಾ?’

ಭರವಸೆಯಂತೆ! ನನ್ನನ್ನು ಕೇಳಿದ್ದರೆ ಹೀಗೆ ಬರೆದುಕೊಡುತ್ತಿದ್ದೆ: ‘ಚಿನ್ನವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಮಾಡಿದರೆ ಅದು ಹಳದಿ ಬಿಟ್ಟು ದಾಳಿಂಬೆ ರಸದ ಹಾಗೆ ಕೆಂಪಾಗುತ್ತದೆ. ಆ ಕಣಗಳಿಗೆ ಡಿಎನ್ಎಯ ಚಿಕ್ಕ ಎಳೆಗಳನ್ನು ಅಂಟಿಸುತ್ತೇವೆ. ಎಳೆಯ ಮೇಲಿನ ಅಕ್ಷರಗಳ ಸಾಲು ಗಡ್ಡೆಯ ಜೀವಕೋಶದೊಳಗಿನ ಒಂದು ಸಂದೇಶವನ್ನು ಹಿಡಿದು ಅದರ ಬಾಯಿ ಕಟ್ಟಬೇಕು. ಚಿನ್ನ ಬರೀ ಹೊತ್ತೊಯ್ಯುವ ಗಾಡಿ. ಎಂಟು ಇಲಿಗಳಿಗೆ ಕೊಟ್ಟೆವು. ಏಳರಲ್ಲಿ ಕಡಲೆಯಷ್ಟಿದ್ದ ಗಡ್ಡೆ ಸಾಸಿವೆಯಷ್ಟಾಯಿತು. ಯಾಕೆಂದು ಇನ್ನೂ ಪೂರ್ತಿ ಗೊತ್ತಿಲ್ಲ. ಮನುಷ್ಯರ ಮಾತು ಈಗ ಎತ್ತಬೇಡಿ.’ ಇದನ್ನು ಯಾರು ಮುಖಪುಟದಲ್ಲಿ ಹಾಕುತ್ತಾರೆ?

ಸಂಜೆ ಅಕ್ಕನ ಫೋನು. ‘ಪೇಪರ್ ನೋಡ್ದೆ ಕಣೆ’ ಎಂದಳು. ದನಿಯಲ್ಲಿ ಹಬ್ಬವಿತ್ತು. ಹೋದ ತಿಂಗಳು ಅವಳ ಕಾಯಿಲೆ ಮರಳಿ ಬಂದಿದೆ ಎಂದು ಸ್ಕ್ಯಾನಿನಲ್ಲಿ ಗೊತ್ತಾದಾಗಿನಿಂದ ಆ ದನಿ ಕೇಳಿರಲಿಲ್ಲ.

ಜೂನ್ ೫, ಬುಧವಾರ

ಕ್ಯಾನ್ಸರ್ ಡಾಕ್ಟರ ಕೋಣೆಯ ಹೊರಗಿನ ಕುರ್ಚಿಗಳನ್ನು ಒಂದೇ ಕಬ್ಬಿಣದ ಪಟ್ಟಿಗೆ ಬಿಗಿದಿದ್ದಾರೆ. ಒಬ್ಬರು ಕಾಲು ಕುಣಿಸಿದರೆ ಸಾಲಿಗೆ ಸಾಲೇ ನಡುಗುತ್ತದೆ. ಇವತ್ತು ಎಲ್ಲರನ್ನೂ ನಡುಗಿಸಿದ್ದು ಭಾವ. ಮೂವತ್ತು ವರ್ಷ ಬಸ್ಸು ಓಡಿಸಿದ ಕಾಲು, ಬ್ರೇಕು ಹುಡುಕುತ್ತಲೇ ಇತ್ತು.

ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. ‘ಅಂಡಾಶಯದ್ದೇ ಮತ್ತೆ ಬಂದಿದೆ. ಕೀಮೋ ಕೊಟ್ರೆ ಹತೋಟಿಗೆ ಬರೋ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಆದ್ರೆ ತಡ ಮಾಡಿದಷ್ಟೂ ಆ ಸಾಧ್ಯತೆ ಇಳಿಯುತ್ತೆ’ ಎಂದರು.

ಅಕ್ಕ ಶಾಂತವಾಗಿ, ‘ಬೇಡ ಡಾಕ್ಟ್ರೇ. ನನ್ನ ತಂಗಿ ಲ್ಯಾಬಲ್ಲಿ ಚಿನ್ನದ್ದು ತಯಾರಾಗ್ತಿದೆ. ಅದು ಬರೋವರೆಗೂ ಕಾಯ್ತೀನಿ’ ಎಂದಳು.

ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಬೀದಿಯಲ್ಲಿ ಬೇರು ಮಾರುವವಳನ್ನು ನೋಡುವ ಹಾಗೆ. ಹತ್ತು ವರ್ಷವಾದರೂ ಬರುವುದಿಲ್ಲ, ಬಂದರೂ ಇವಳ ಕಾಯಿಲೆಗೆ ಬರುತ್ತದೆಂಬ ಖಾತ್ರಿಯಿಲ್ಲ ಎಂದೆ. ಅಕ್ಕ ನಕ್ಕುಬಿಟ್ಟಳು.

‘ಅವಳು ಹಾಗೇ ಡಾಕ್ಟ್ರೇ. ಫೇಲಾಗ್ತೀನಿ ಅಂತ ಅತ್ಕೊಂಡು ಮನೆಗೆ ಬಂದು, ಆಮೇಲೆ ರ‍್ಯಾಂಕ್ ತಗೊಳ್ಳೋ ಜಾತಿ.’

ಹೊರಗೆ ಬಂದು ಕೂಗಾಡಿದೆ. ಆಸ್ಪತ್ರೆಯ ಓಣಿ ಎಂಬ ಪರಿವೆಯೂ ಇಲ್ಲದೆ. ಅಕ್ಕ ತನ್ನ ಎರಡೂ ಕೈ ನನ್ನ ಮುಖದ ಮುಂದೆ ಹಿಡಿದಳು. ‘ಹೋದ ಸಲದ ಕೀಮೋದಲ್ಲಿ ಸತ್ತ ಬೆರಳ ತುದಿ ಇನ್ನೂ ಎದ್ದಿಲ್ಲ ಕಣೆ. ಸೂಜಿ ಹಿಡಿದಿದೀನೋ ಇಲ್ವೋ ಕಣ್ಣಲ್ಲಿ ನೋಡಿ ತಿಳ್ಕೋತೀನಿ. ಇನ್ನೊಂದು ಸಲ ಅಂದ್ರೆ ಹೊಲಿಗೆ ಅಂಗಡಿ ಬಾಗಿಲು ಹಾಕಿದ ಹಾಗೇ. ಬಟ್ಟೆ ಮುಟ್ಟದೆ ನಾನು ಬದುಕಿ ಏನು ಮಾಡ್ಲಿ? ನಿನ್ನ ಹಾಗೆ ಪದ್ಯದ ಪುಸ್ತಕ ಓದ್ಕೊಂಡು ಕೂತ್ಕೊಳ್ಲಾ?’

ಬೆರಳಿನ ಮಾತು ಡಾಕ್ಟರಿಗೆ ಹೇಳಿದೆಯಾ ಎಂದು ಕೇಳಬೇಕಿತ್ತು. ಸಿಟ್ಟಿನಲ್ಲಿ ಹೊಳೆಯಲಿಲ್ಲ.

ಜೂನ್ ೯, ಭಾನುವಾರ

ಭಾವ ಆ ಸುದ್ದಿಯನ್ನು ಕತ್ತರಿಸಿ, ಪ್ಲಾಸ್ಟಿಕ್ ಹೊದಿಸಿ, ಅಂಗಡಿಯಲ್ಲಿ ಗಿರಾಕಿಗಳು ಬಟ್ಟೆ ತೊಟ್ಟು ನೋಡುವ ಕನ್ನಡಿಯ ಪಕ್ಕ ತಗುಲಿಹಾಕಿದ್ದಾರೆ. ಕೋಟಿನ ತೋಳು ಗಿಡ್ಡ ಮಾಡಿಸಲು ಬಂದ ಹೆಂಗಸಿಗೆ ನನ್ನನ್ನು ತೋರಿಸಿ, ‘ನಮ್ಮ ನಾದಿನಿ. ಚಿನ್ನ ಕಾಯಿಸೋದು ಇವಳೇ. ಫೋಟೋದಲ್ಲಿ ಇಲ್ಲ, ಪಕ್ಕದಲ್ಲೇ ಇದ್ಲು’ ಎಂದರು. ಆಕೆ ನನ್ನ ಕೈ ಹಿಡಿದುಕೊಂಡು ತನ್ನ ಅತ್ತೆಯ ಕಥೆ ಹೇಳಿದಳು. ಅತ್ತೆಗೆ ಯಾವ ಕ್ಯಾನ್ಸರೆಂದು ಅವಳಿಗೇ ಗೊತ್ತಿಲ್ಲ. ಆದರೆ ಚಿನ್ನ ಎಂದರೆ ಆಗಿಯೇ ತೀರುತ್ತದೆಂದು ಗೊತ್ತಿದೆ.

ಆಕೆ ಹೋದ ಮೇಲೆ, ‘ತೆಗೀರಿ ಭಾವ ಅದನ್ನ’ ಎಂದೆ.

‘ಯಾಕಮ್ಮ? ಸುಳ್ಳಾ?’

‘ಸುಳ್ಳಲ್ಲ. ನಿಜವೂ ಅಲ್ಲ.’

‘ಅಲ್ಲಮ್ಮ, ಬಸ್ಸು ಹೊರಟಿದೆಯೋ ಇಲ್ವೋ ಅಂತ ಕೇಳಿದ್ರೆ, ಹೊರಟಿದೆ ಆದ್ರೆ ನಿಂತಿದೆ ಅಂದ್ರೆ ಹೇಗೆ?’

ಅಕ್ಕ ಯಂತ್ರದಿಂದ ಕಣ್ಣೆತ್ತದೆ ಮೆಲ್ಲಗೆ ಅಂದಳು: ‘ಒಂದು ಸಣ್ಣ ಸೀಸೇಲಿ ತಂದ್ಕೊಡೆ. ಯಾರಿಗೂ ಹೇಳಲ್ಲ. ಇಲಿಗೆ ಕೊಟ್ಟಷ್ಟೇ ಸಾಕು.’

ನನಗೆ ಅವಮಾನವಾಯಿತು. ಹದಿನಾಲ್ಕು ವರ್ಷದ ಕೆಲಸವನ್ನು ಒಂದು ಕೆಮ್ಮಿನ ಔಷಧಿ ಮಾಡಿಬಿಟ್ಟಳು. ಚಪ್ಪಲಿ ಮೆಟ್ಟಿ ಎದ್ದು ಬಂದೆ.

ಜೂನ್ ೧೦, ಸೋಮವಾರ

ಇಲಿಯ ತೂಕ ಇಪ್ಪತ್ತು ಗ್ರಾಂ. ಅಕ್ಕನದು ಐವತ್ತಾರು ಕೆಜಿ. ನೇರ ಗುಣಾಕಾರ ಸಲ್ಲದು, ದೊಡ್ಡ ಮೈಗೆ ಬೇರೆ ಲೆಕ್ಕವಿದೆ. ಆ ಲೆಕ್ಕದಲ್ಲೂ ನನ್ನ ದೊಡ್ಡ ಫ್ಲಾಸ್ಕಿನಲ್ಲಿ ಕಾಯಿಸಿದರೆ ಎರಡು ವಾರದ ಕೆಲಸ. ಸುಮ್ಮನೆ ಹಾಕಿ ನೋಡಿದೆ. ಎಷ್ಟು ಅಸಾಧ್ಯ ಎಂದು ಅವಳಿಗೆ ತೋರಿಸಲು ಬೇಕಾಗುತ್ತದೆ.

ಮಲಗುವ ಮುಂಚೆ ಕವಿತೆಯ ಪುಸ್ತಕ ತೆರೆದೆ. ಉಪಮೆಗಳೆಲ್ಲ ಶೋಕಿಗೆ ನಿಂತಂತೆ ಕಂಡವು. ಮುಚ್ಚಿದೆ.

ಜೂನ್ ೧೩, ಗುರುವಾರ

ನಮ್ಮ ಇಲಿಮನೆಯನ್ನು ನೋಡಿಕೊಳ್ಳುವ ಪಶುವೈದ್ಯೆಯನ್ನು ಎಲ್ಲರೂ ಡಾಕ್ಟ್ರಮ್ಮ ಎನ್ನುತ್ತೇವೆ. ಬೆಳಿಗ್ಗೆ ಬೆಂಚಿನ ಬಳಿಗೇ ಬಂದರು.

‘ನಿಮ್ಮ ಚಿನ್ನ ಚುಚ್ಚಿಸ್ಕೊಂಡ ಇಲಿಗಳನ್ನ ಸಂಜೆ ಒಂದ್ಸಲ ಬಂದು ನೋಡಿದ್ದೀರಾ?’

‘ಗಡ್ಡೆ ಅಳೆಯೋಕೆ ಗುಬ್ಬಿ ಬರ್ತಾಳಲ್ಲ.’ ಗುಬ್ಬಿ ನಮ್ಮ ಪಿಎಚ್‌ಡಿ ವಿದ್ಯಾರ್ಥಿನಿ. ಇಷ್ಟೇ ಇಷ್ಟು ತಿಂದು ಇಡೀ ದಿನ ಹಾರಾಡುತ್ತಾಳೆಂದು ಆ ಹೆಸರು.

‘ಅವಳು ಅಳೀತಾಳೆ, ನೋಡಲ್ಲ. ಕೂದಲು ನೆಟ್ಟಗೆ ಮಾಡ್ಕೊಂಡು, ಬೆನ್ನು ಗೂನು ಮಾಡಿ, ಒಂದಕ್ಕೊಂದು ಒತ್ಕೊಂಡು ಕೂತಿರ್ತವೆ. ಜ್ವರ ಕಣ್ರೀ ಅದು. ಯಾವ ನೀರಲ್ಲಿ ತೊಳೀತೀರಿ ಕಣಗಳನ್ನ?’

ನಮ್ಮ ಶುದ್ಧೀಕರಣ ಯಂತ್ರದ ನೀರು, ಅದಕ್ಕಿಂತ ಶುದ್ಧ ನೀರು ಈ ಕಟ್ಟಡದಲ್ಲಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿ, ಮೀಟರು ತೋರಿಸಿದೆ. ಆಕೆ ಮೀಟರನ್ನು ನೋಡಲೇ ಇಲ್ಲ. ನಲ್ಲಿಯ ಕೊನೆಯಲ್ಲಿದ್ದ ರಬ್ಬರ್ ಕೊಳವೆಯೊಳಗೆ ಬೆರಳು ತೂರಿಸಿ ಉಜ್ಜಿದರು. ಲೋಳೆ.

ಆಕೆಯ ಬಳಿ ಒಂದು ಪರೀಕ್ಷೆಯ ಪುಡಿ ಇತ್ತು, ಕಡಲ ಏಡಿಯ ರಕ್ತದಿಂದ ಮಾಡಿದ್ದು. ನೀರಿನಲ್ಲಿ ಬ್ಯಾಕ್ಟೀರಿಯಾದ ಸಿಪ್ಪೆಯಿದ್ದರೆ ಅದು ಹೆಪ್ಪುಗಟ್ಟುತ್ತದೆ. ನಮ್ಮ ಶುದ್ಧ ನೀರನ್ನು ಬೆರೆಸಿ, ಒಂದು ತಾಸು ಬೆಚ್ಚಗಿಟ್ಟು, ಟ್ಯೂಬನ್ನು ತಲೆಕೆಳಗು ಮಾಡಿದೆವು. ಬೀಳಲಿಲ್ಲ. ಮೊಸರಿನ ಹಾಗೆ ಕಚ್ಚಿಕೊಂಡು ನಿಂತಿತ್ತು.

ಇದು ರಸಾಯನಶಾಸ್ತ್ರದವರು ಮಾತ್ರ ಮಾಡಬಲ್ಲ ತಪ್ಪು. ನಮಗೆ ಶುದ್ಧ ಎಂದರೆ ಉಪ್ಪಿಲ್ಲ, ಲೋಹವಿಲ್ಲ. ಮೀಟರು ಅಳೆಯುವುದೂ ಅಷ್ಟನ್ನೇ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಅವುಗಳ ಸಿಪ್ಪೆ ಉಳಿಯುತ್ತದೆ, ಆ ಸಿಪ್ಪೆ ಮೈಯೊಳಗೆ ಹೋದರೆ ಜ್ವರ ಬರುತ್ತದೆ. ಜ್ವರದಲ್ಲಿ ಮೈಯೇ ಎದ್ದು ಗಡ್ಡೆಯ ಮೇಲೆ ಬೀಳುವುದೂ ಉಂಟು. ಹೋಲಿಕೆಗೆಂದು ಇಟ್ಟಿದ್ದ ಇಲಿಗಳಿಗೆ ನಾವು ಕೊಟ್ಟದ್ದು ಔಷಧಿ ಅಂಗಡಿಯ ಉಪ್ಪುನೀರು. ಅದರಲ್ಲಿ ಸಿಪ್ಪೆ ಇಲ್ಲ.

ಹಾಗಾದರೆ ಗಡ್ಡೆ ಕರಗಿಸಿದ್ದು ನಮ್ಮ ಡಿಎನ್ಎಯೋ, ಕೊಳೆಯೋ?

ಡಾಕ್ಟ್ರಮ್ಮನ ಮೇಲೆ ವಿಪರೀತ ಕೋಪ ಬಂದಿದೆ. ಬೆರಳು ತೂರಿಸಿದ ರೀತಿ ಸರಿಯಿರಲಿಲ್ಲ. ಕೈಗವಸು ಕೂಡ ಹಾಕಿರಲಿಲ್ಲ.

ಜೂನ್ ೧೪, ಶುಕ್ರವಾರ

ಸರ್ ಟ್ಯೂಬನ್ನು ತಾವೇ ತಿರುಗಿಸಿ ನೋಡಿದರು. ಮುಖ ಬಿಳಿಚಿತು. ಆ ಮನುಷ್ಯ ಮೂರ್ಖರಲ್ಲ, ಅದೇ ಇನ್ನೂ ಸಿಟ್ಟು ಬರಿಸುವ ಸಂಗತಿ. ‘ಮತ್ತೆ ಮಾಡಿ. ಮೂರು ಗುಂಪು. ಸದ್ದಿಲ್ಲದೆ ಮಾಡಿ’ ಎಂದರು.

ಮೊದಲ ಗುಂಪಿಗೆ ನಮ್ಮ ಸರಿಯಾದ ಡಿಎನ್ಎ, ಹಳೆಯ ನೀರಿನಲ್ಲಿ ತೊಳೆದದ್ದು. ಎರಡನೆಯದಕ್ಕೆ ಅವೇ ಅಕ್ಷರಗಳನ್ನು ಕಲಸಿ ಅರ್ಥ ಕೆಡಿಸಿದ ಡಿಎನ್ಎ, ಅದೂ ಹಳೆಯ ನೀರಿನಲ್ಲಿ. ಮೂರನೆಯದಕ್ಕೆ ಸರಿಯಾದ ಡಿಎನ್ಎ, ಇಂಜೆಕ್ಷನ್ನಿಗೆ ಬಳಸುವ ನೀರಿನಲ್ಲಿ ತೊಳೆದದ್ದು. ಯಾವ ಪಂಜರಕ್ಕೆ ಯಾವುದೆಂದು ಅಳೆಯುವ ಗುಬ್ಬಿಗೆ ಗೊತ್ತಿರಬಾರದು. ಬಾಟಲಿ ತುಂಬಿದ ನನಗೆ ಗೊತ್ತಿರುತ್ತದೆ.

ಮೂರನೆಯ ಗುಂಪು ಗೆಲ್ಲುತ್ತದೆ. ಗೆಲ್ಲಲೇಬೇಕು. ಆ ಸಾಲನ್ನು ಅಕ್ಷರ ಅಕ್ಷರ ಜೋಡಿಸಿದವಳು ನಾನು.

ಜೂನ್ ೧೮, ಮಂಗಳವಾರ

ಇಡೀ ದಿನ ಕಾಯಿಸಿದೆ, ತೊಳೆದೆ. ಡಿಎನ್ಎ ಅಂಟುವಾಗ ಉಪ್ಪನ್ನು ಹನಿ ಹನಿಯಾಗಿ ಬಿಡಬೇಕು. ಅವಸರಿಸಿದರೆ ಕಣಗಳು ಒಂದಕ್ಕೊಂದು ಅಂಟಿ, ಕೆಂಪು ಹೋಗಿ ಮಸಿನೀಲಿಯಾಗುತ್ತದೆ. ಒಮ್ಮೆ ನೀಲಿಯಾದರೆ ಮುಗಿಯಿತು, ಎಷ್ಟು ಬೇಡಿಕೊಂಡರೂ ಕೆಂಪು ಬರುವುದಿಲ್ಲ. ಇವತ್ತು ಒಂದು ಹನಿಯೂ ಕೆಡಲಿಲ್ಲ.

ಹೊಸ ನೀರಿನದು ಇಲಿಗಳಿಗೆ ಕೊಟ್ಟು ಮಿಕ್ಕಿತು. ಚೆಲ್ಲಲಿಲ್ಲ. ಫ್ರಿಜ್ಜಿನ ಹಿಂದಿನ ಸಾಲಿನಲ್ಲಿಟ್ಟೆ. ಚೀಟಿ ಅಂಟಿಸಲು ಮರೆತೆ. ನಾಳೆ ಅಂಟಿಸಿದರಾಯಿತು.

ಭಾವ ಫೋನು ಮಾಡಿ, ಡಾಕ್ಟರ ಕಡೆಯಿಂದ ಮತ್ತೆ ಕರೆ ಬಂದಿತ್ತು, ಅಕ್ಕ ‘ಕಾಯ್ತಿದೀನಿ’ ಎಂದಳು ಎಂದರು. ‘ನೀನೊಂದು ಮಾತು ಹೇಳಮ್ಮ, ಕಾಯ್ಬೋದಾ?’

‘ಮೂರು ವಾರ ಬಿಟ್ಟು ಹೇಳ್ತೀನಿ ಭಾವ’ ಎಂದೆ. ಬಾಯಿಂದ ಹೇಗೆ ಬಂತೋ.

ಜೂನ್ ೨೭, ಗುರುವಾರ

ಗುಬ್ಬಿಗೆ ಅಳೆಯಲು ಬರುವುದಿಲ್ಲ. ಮೂರನೆಯ ಪಂಜರದ ಇಲಿಗಳ ಗಡ್ಡೆ ಬೆಳೆಯುತ್ತಿದೆ ಎಂದು ಬರೆದುಕೊಂಡು ಬಂದಿದ್ದಾಳೆ. ಕ್ಯಾಲಿಪರನ್ನು ಒತ್ತಿ ಹಿಡಿಯುವುದಿಲ್ಲ, ಚರ್ಮವನ್ನೂ ಸೇರಿಸಿ ಅಳೆಯುತ್ತಾಳೆ ಎಂದು ಎಲ್ಲರೆದುರೇ ಗದರಿದೆ.

‘ಎಲ್ಲಾ ಪಂಜರಕ್ಕೂ ಒಂದೇ ಥರ ಹಿಡಿತೀನಿ ಮೇಡಂ. ಯಾವುದು ಯಾವುದಂತ ನಂಗೆ ಗೊತ್ತೇ ಇಲ್ವಲ್ಲ’ ಎಂದು ಕಣ್ಣು ತುಂಬಿಕೊಂಡಳು.

ಇನ್ನೊಮ್ಮೆ ಅಳೆಸಿದೆ. ಮೂರನೆಯ ಸಲವೂ. ನಾನೇ ಅಳೆದೆ. ಈಗಿನ ಹುಡುಗಿಯರಿಗೆ ಒಂದು ಮಾತು ತಡೆದುಕೊಳ್ಳುವ ಶಕ್ತಿ ಇಲ್ಲ.

ಜುಲೈ ೫, ಶುಕ್ರವಾರ

ಮುಗಿಯಿತು.

ಹಳೆಯ ನೀರಿನ ಎರಡೂ ಗುಂಪಿನಲ್ಲಿ ಗಡ್ಡೆ ಕರಗಿದೆ. ಹೊಸ ನೀರಿನ ಗುಂಪಿನಲ್ಲಿ ಹಿಂದಿನ ಸಲ ಬರೀ ಉಪ್ಪುನೀರು ಕೊಟ್ಟ ಇಲಿಗಳಷ್ಟೇ ಬೆಳೆದಿದೆ. ಅರ್ಥವಿರುವ ಸಾಲಿಗೂ ಅರ್ಥ ಕೆಟ್ಟ ಸಾಲಿಗೂ ಒಂದೇ ಫಲ. ನಾಲ್ಕು ವರ್ಷ ಕೂತು ಒಂದೊಂದು ಅಕ್ಷರ ಆಯ್ದೆವಲ್ಲ, ಗಡ್ಡೆ ಅದನ್ನು ಓದಿಯೇ ಇರಲಿಲ್ಲ. ಇಲಿಗಳಿಗೆ ಜ್ವರ ಬಂತು. ಜ್ವರ ಕೆಲಸ ಮಾಡಿತು. ನಾವು ಫೋಟೋ ತೆಗೆಸಿಕೊಂಡೆವು.

ಆ ಜ್ವರವನ್ನೇ ಮದ್ದು ಮಾಡಬಾರದೇ ಎಂದು ಗುಬ್ಬಿ ಕೇಳಿದಳು. ಇಲಿ ಹಲ್ಲುಕಚ್ಚಿ ಸಹಿಸುವ ಪ್ರಮಾಣದ ನೂರರಲ್ಲೊಂದು ಪಾಲು ಸಾಕು, ಮನುಷ್ಯನ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರುತ್ತದೆ ಎಂದರು ಡಾಕ್ಟ್ರಮ್ಮ. ಅವರು ಗೆದ್ದವರ ಹಾಗೆ ಇರಲಿಲ್ಲ. ನನ್ನ ಭುಜ ತಟ್ಟಿ ಹೋದರು. ಕೈಗವಸಿನ ಬಗ್ಗೆ ಬರೆದದ್ದನ್ನು ಹೊಡೆದುಹಾಕಬೇಕು.

ಫ್ರಿಜ್ಜಿನ ಹಿಂದಿನ ಸೀಸೆಯನ್ನು ತೆಗೆದು ತ್ಯಾಜ್ಯದ ಡಬ್ಬಿಗೆ ಸುರಿದೆ. ಇನ್ನೂ ಕೆಂಪಗೇ ಇತ್ತು. ಯಾರಿಗಾಗಿ ಇಟ್ಟಿದ್ದೆ ಎಂದು ಯಾರೂ ಕೇಳಲಿಲ್ಲ.

ಜುಲೈ ೬, ಶನಿವಾರ

ಸರ್ ಬಾಗಿಲು ಮುಚ್ಚಿ ಕೂರಿಸಿದರು.

‘ಹೇಳಲ್ಲ ಅಂತ ನಾನು ಅಂದಿಲ್ಲ ಮೇಡಂ. ಈಗ ಬೇಡ ಅಂದೆ. ಅನುದಾನದ ಸಮಿತಿ ಮುಂದಿನ ತಿಂಗಳು ಕೂರುತ್ತೆ. ಈಗ ಬಾಯಿ ಬಿಟ್ರೆ ಲ್ಯಾಬೇ ಮುಚ್ಚುತ್ತೆ. ಗುಬ್ಬಿ ಪ್ರಬಂಧದ ಗತಿಯೇನು? ನಿಮ್ಮ ಕೆಲಸದ ಗತಿಯೇನು?’

‘ಪತ್ರಿಕೆ ಓದಿ ಕಾಯ್ತಿರೋವರ ಗತಿ?’

‘ಯಾರು ಕಾಯ್ತಾರೆ ರೀ ಪೇಪರ್ ಓದಿ? ಜನ ಅಷ್ಟು ಪೆದ್ದರಲ್ಲ.’

ಅಕ್ಕನ ಹೆಸರೆತ್ತಲಿಲ್ಲ. ಅವಳನ್ನು ಈ ಮನುಷ್ಯನ ಎದುರು ಪೆದ್ದಿ ಮಾಡಲು ಮನಸ್ಸಾಗಲಿಲ್ಲ. ‘ಸಮಯ ನೋಡಿ ಹೇಳೋದು ಸುಳ್ಳು ಹೇಳಿದ ಹಾಗಲ್ಲ ಮೇಡಂ’ ಎಂದರು. ಎಂಥ ನಯವಾದ ಹೇಡಿತನ! ಸತ್ಯವನ್ನು ಉಪ್ಪಿನಕಾಯಿಯ ಹಾಗೆ ಭರಣಿಯಲ್ಲಿ ಮುಚ್ಚಿಟ್ಟು, ಕಳಿತ ಮೇಲೆ ಬಡಿಸುತ್ತಾರಂತೆ. ಮೈ ಉರಿದುಹೋಯಿತು.

ಜುಲೈ ೭, ಭಾನುವಾರ

ಅಕ್ಕನ ಅಂಗಡಿಗೆ ಹೋದೆ, ಹೇಳಿಬಿಡಬೇಕೆಂದೇ. ಅವಳು ಖುಷಿಯಲ್ಲಿದ್ದಳು. ಒಂದು ಕೋಟಿನ ಒಳಪದರವನ್ನು ಕೈಯಲ್ಲೇ ಹೊಲಿದು ಮುಗಿಸಿದ್ದಳು, ಕಣ್ಣಿನಿಂದಲೇ ಸೂಜಿ ಹಿಡಿದು. ಹೊಲಿಗೆ ಸ್ವಲ್ಪ ಡೊಂಕು. ‘ಹೇಗಿದೆ?’ ಎಂದಳು. ‘ಚೆನ್ನಾಗಿದೆ’ ಎಂದೆ.

ಇವತ್ತೇ ಹೇಳಿ ಅವಳ ದಿನ ಹಾಳು ಮಾಡುವುದು ಬೇಡವೆನ್ನಿಸಿತು. ಬುಧವಾರ ಹೇಳುತ್ತೇನೆ.

ಜುಲೈ ೧೦, ಬುಧವಾರ

ಸರ್‌ಗೆ ನೇರ ಪತ್ರ ಬರೆದೆ: ತಿಂಗಳು ಕಾಯುವುದು ಅನ್ಯಾಯ, ಪ್ರತಿ ದಿನವೂ ಅನ್ಯಾಯ ಎಂದು. ಉತ್ತರವಿಲ್ಲ.

ಅಕ್ಕನ ಕಡೆ ಹೋಗಲಾಗಲಿಲ್ಲ. ಅವಳಿಗೆ ನೆಗಡಿಯಂತೆ. ಹುಷಾರಾಗಲಿ.

ಜುಲೈ ೧೪, ಭಾನುವಾರ

ಅಕ್ಕ ಇವತ್ತು ಅಂಗಡಿ ತೆರೆದಿರಲಿಲ್ಲ. ಶಟರು ಅರ್ಧ ಇಳಿಸಿ ಒಳಗೆ ಕೂತಿದ್ದೆವು. ಭಾವ ಹೊರಗೆ ಯಾರದೋ ಜೊತೆ ಮಾತಾಡುತ್ತಿದ್ದರು. ಸರ್ ಹೇಗೆ ಸತ್ಯವನ್ನು ಮುಚ್ಚಿಟ್ಟಿದ್ದಾರೆಂದು ಅಕ್ಕನಿಗೆ ದೂರುತ್ತಾ ಹೋದೆ, ಎಂಥ ಸತ್ಯವೆಂದು ಹೇಳದೆಯೇ. ಅವರ ಹೇಡಿತನ, ಅವರ ನಯ, ಅವರ ಸಮಿತಿ. ಅಕ್ಕ ಗುಂಡಿಗಳನ್ನು ಗಾತ್ರ ನೋಡಿ ಡಬ್ಬಿಗಳಿಗೆ ಹಾಕುತ್ತಿದ್ದವಳು ನಿಲ್ಲಿಸಿದಳು.

‘ಏನೇ ಅದು, ಅವರು ಮುಚ್ಚಿಟ್ಟಿರೋದು?’

ಒಂದು ಗುಂಡಿ ಎತ್ತಿ ಡಬ್ಬಿಗೆ ಹಾಕಿದೆ.

‘ಚಿನ್ನದ್ದು ಕೆಲಸ ಮಾಡಲ್ಲ. ಅದೇ ತಾನೆ?’

‘ಹೂಂ.’

‘ಸ್ವಲ್ಪಾನೂ ಇಲ್ಲ?’

‘ಇಲ್ಲ ಅಕ್ಕಾ. ಇಲಿಗಳಿಗೆ ಜ್ವರ ಬಂದಿದ್ದು ನೀರಿನ ಕೊಳೆಯಿಂದ. ಗಡ್ಡೆ ಕರಗಿದ್ದು ಆ ಜ್ವರಕ್ಕೆ. ನಾವು ಮಾಡಿದ ಮದ್ದಿಂದ ಏನೂ ಆಗಿಲ್ಲ.’

‘ಯಾವತ್ತು ಗೊತ್ತಾಯ್ತು?’

‘ಹೋದ ಶುಕ್ರವಾರ... ಅಲ್ಲ, ಅದರ ಹಿಂದಿನ ಶುಕ್ರವಾರ.’

ಅವಳು ಕೂಗಲಿಲ್ಲ. ಕೂಗಿದ್ದರೆ ನನಗೆ ಸುಲಭವಾಗುತ್ತಿತ್ತು.

‘ನಿಮ್ಮ ಸರ್‌ಗೆ ಕಾಗದ ಬರೆಯೋ ಧೈರ್ಯ ಇತ್ತು. ನನಗೆ ಹೇಳೋಕೆ ಇರ್ಲಿಲ್ವಾ?’

‘ನಿನಗೆ ನೋವಾಗುತ್ತೆ ಅಂತ...’

‘ಆ ದಿನಗಳು ನನ್ನವು ಕಣೆ. ನಿನ್ನವಲ್ಲ, ಕೂಡಿಟ್ಟುಕೊಳ್ಳೋಕೆ. ನನ್ನ ಹತ್ರ ಎಷ್ಟಿದಾವೆ ಅಂತ ಇಟ್ಕೊಂಡೆ?’

ಅಷ್ಟು ಹೇಳಿ, ಎದ್ದು ಹೋಗಿ ಕನ್ನಡಿಯ ಪಕ್ಕದಲ್ಲಿದ್ದ ಸುದ್ದಿಯ ತುಣುಕನ್ನು ಕಿತ್ತಳು. ಪ್ಲಾಸ್ಟಿಕ್ ಹೊದಿಸಿದ್ದರಿಂದ ಹರಿಯಲಿಲ್ಲ. ಎಳೆದಳು, ಹಲ್ಲಿನಿಂದ ಕಚ್ಚಿದಳು, ಆಗಲಿಲ್ಲ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದುಕೊಂಡು ಸರ್ ಅವರ ನಗುಮುಖದ ನಡುವೆ ನೇರ ಒಂದು ಗೆರೆ ಕತ್ತರಿಸಿದಳು. ಆ ಗೆರೆ ಒಂದಿಷ್ಟೂ ಡೊಂಕಿರಲಿಲ್ಲ.

ಭಾವ ಶಟರಿನಡಿ ಬಗ್ಗಿ ಒಳಬಂದು, ನಮ್ಮಿಬ್ಬರ ಮುಖ ನೋಡಿ, ಏನನ್ನೂ ಕೇಳದೆ ಸ್ಟೂಲಿನ ಮೇಲೆ ಕೂತರು. ‘ನಾಳೆ ಆಸ್ಪತ್ರೆಗೆ ಹೋಗೋಣ’ ಎಂದಳು ಅಕ್ಕ ಅವರಿಗೆ. ನನ್ನ ಕಡೆ ತಿರುಗಲಿಲ್ಲ.

ಜುಲೈ ೧೫, ಸೋಮವಾರ

ಕರೆಯದಿದ್ದರೂ ಹೋದೆ. ಭಾವ ಸರಿದು ಜಾಗ ಕೊಟ್ಟರು.

ಅಕ್ಕ ಡಾಕ್ಟರ ಮೇಜಿನ ಮೇಲೆ ಎರಡೂ ಕೈ ಇಟ್ಟಳು. ‘ಮದ್ದು ತಗೋತೀನಿ. ಈ ಬೆರಳು ಉಳಿಸಿಕೊಡೋ ಥರದ್ದು ಏನಾದ್ರೂ ಇದೆಯಾ?’

ಡಾಕ್ಟರು ಫೈಲು ತಿರುವಿದರು. ಬೆರಳು ಜೋಮು, ಸಹಿಸುವಷ್ಟು ಎಂದು ಬರೆದಿತ್ತಂತೆ. ಸಹಿಸುವಷ್ಟು! ಯಾರನ್ನು ಕೇಳಿ ಬರೆದರು? ‘ನೀವು ಹೊಲಿಗೆ ಕೆಲಸದವರು ಅಂತ ನನಗೆ ಗೊತ್ತಿರ್ಲಿಲ್ಲ’ ಎಂದರು ಆತ. ‘ನೀವು ಕೇಳ್ಲಿಲ್ಲ’ ಎಂದಳು ಅಕ್ಕ. ‘ನೀವು ಹೇಳ್ಲೂ ಇಲ್ಲ.’ ‘ಹೌದು, ಅದೂ ನಿಜ.’

ನರಗಳಿಗೆ ಅಷ್ಟು ಪೆಟ್ಟು ಕೊಡದ ಬೇರೆ ಮದ್ದಿನ ಜೋಡಿ ಇದೆ, ರಕ್ತಕಣಗಳ ಎಣಿಕೆ ಮಾತ್ರ ವಾರ ವಾರ ನೋಡುತ್ತಿರಬೇಕು ಎಂದರು. ಹೋದ ತಿಂಗಳಾಗಿದ್ದರೆ ಇನ್ನೂ ಒಳ್ಳೆಯದಿತ್ತು ಎಂದೂ ಸೇರಿಸಿದರು. ಅಕ್ಕ ನನ್ನನ್ನು ನೋಡಲಿಲ್ಲ. ನೋಡದಿದ್ದದ್ದು ನನಗೆ ತಿಳಿಯಿತು.

ಜುಲೈ ೨೨, ಸೋಮವಾರ

ಅಕ್ಕನ ಮೊದಲ ಸುತ್ತು. ಕೀಮೋ ಕೊಡುವ ಹಾಲ್‌ನಲ್ಲಿ ಒರಗುಕುರ್ಚಿಗಳ ಎರಡು ಸಾಲು, ನಡುವೆ ನರ್ಸಿನ ಗಾಡಿ ಓಡಾಡುವಷ್ಟು ದಾರಿ. ಅಕ್ಕ ಒಂದೊಂದು ಚೀಲದ ಹೆಸರನ್ನೂ ಕೇಳಿ, ಬಾಯಿಪಾಠ ಮಾಡಿದಳು. ‘ನೀವೇನು ಪರೀಕ್ಷೆಗೆ ಕೂರ್ತೀರಾ?’ ಎಂದಳು ನರ್ಸು. ‘ಕೂತಾಗಿದೆಯಲ್ಲಮ್ಮ’ ಎಂದಳು ಅಕ್ಕ. ವಾರದ ಮೇಲೆ ಮೊದಲ ಸಲ ನನಗೂ ಒಂದು ಮಾತು ಎಸೆದಳು: ‘ಆ ದಿಂಬು ಇತ್ತ ಕೊಡೆ.’

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನನ್ನದೇ ವಯಸ್ಸಿನ ಒಬ್ಬರು. ಪಕ್ಕದಲ್ಲಿ ಅವರ ಹೆಂಡತಿ. ಭಾವ ಹಿಂದೆ ಇಲ್ಲಿಗೆ ಬಂದಾಗ ಇಡೀ ಹಾಲ್‌ಗೇ ನನ್ನ ಬಗ್ಗೆ ಸಾರಿದ್ದರೆಂದು ಕಾಣುತ್ತದೆ. ಆತ ಕೈ ಎತ್ತಿ ಕರೆದರು.

‘ಮೇಡಂ, ಚಿನ್ನದ ಲ್ಯಾಬಿನವರು ನೀವೇ ಅಂತೆ?’

‘ಹೌದು.’

‘ಡಾಕ್ಟ್ರು ನಂಗೆ ಇನ್ನೂ ನಾಲ್ಕು ಸುತ್ತು ಅಂತಾರೆ. ನಾನು ಇವತ್ತಿಗೆ ಸಾಕು ಅಂದ್ಕೊಂಡಿದೀನಿ. ಮೈಯಲ್ಲಿ ಏನೂ ಉಳಿದಿಲ್ಲ ನೋಡಿ. ನಿಮ್ಮದು ಬರೋವರೆಗೂ ಹೇಗಾದ್ರೂ ತಳ್ಳೋಣ ಅಂತ. ಯಾವಾಗ ಬರುತ್ತೆ?’

ಭಾವ ನೆಲ ನೋಡಿದರು. ಅಕ್ಕ ಕಣ್ಣು ಮುಚ್ಚಿದ್ದಳು, ಆದರೆ ನಿದ್ದೆಯಲ್ಲಿರಲಿಲ್ಲ.

‘ಬರಲ್ಲ’ ಎಂದೆ. ‘ನಮ್ಮದು ತಪ್ಪಾಗಿತ್ತು. ಇಲಿಗಳ ಗಡ್ಡೆ ಕರಗಿದ್ದು ನಾವು ತೊಳೆದ ನೀರಲ್ಲಿದ್ದ ಕೊಳೆಯಿಂದ. ಆ ಕೊಳೆ ಮನುಷ್ಯರ ಮೈಗೆ ಹೋದ್ರೆ ಸಾಯ್ತಾರೆ. ಚೊಕ್ಕ ಮಾಡಿ ಕೊಟ್ರೆ ಏನೂ ಆಗಲ್ಲ. ನೀವು ಇದನ್ನ ನಿಲ್ಲಿಸ್ಬೇಡಿ. ನಿಲ್ಲಿಸೋದಿದ್ರೂ ನಮ್ಮ ಮದ್ದನ್ನ ನಂಬಿ ನಿಲ್ಲಿಸ್ಬೇಡಿ.’

‘ಪೇಪರಲ್ಲಿ ಬಂದಿತ್ತಲ್ಲ?’

‘ಬಂದಿತ್ತು. ತಪ್ಪು ಅಂತ ಗೊತ್ತಾದ ಮೇಲೆ ಅದೂ ಬರಬೇಕಿತ್ತು. ಬಂದಿಲ್ಲ.’

ಆತ ನನ್ನನ್ನೇ ನೋಡುತ್ತಿದ್ದರು. ‘ಎಷ್ಟು ಸಲೀಸಾಗಿ ಹೇಳ್ತೀರ್ರೀ’ ಎಂದರು. ಅವರ ಹೆಂಡತಿ, ‘ಸುಮ್ನಿರಿ, ಹೇಳೋವರಾದ್ರೂ ಒಬ್ರು ಸಿಕ್ರಲ್ಲ’ ಎಂದು ಅವರ ಮೊಣಕೈ ಹಿಡಿದರು. ಆತ ಕೈ ಕೊಸರಿಕೊಂಡು ಕಿಟಕಿಯ ಕಡೆ ತಿರುಗಿದರು. ನರ್ಸು ಗಾಡಿ ತಳ್ಳಿಕೊಂಡು ಬಂದಾಗ, ನನ್ನನ್ನಲ್ಲ, ಅವಳನ್ನು ಕೇಳಿದರು: ‘ಮುಂದಿನದು ಯಾವತ್ತು?’

ಜನ ಅಷ್ಟು ಪೆದ್ದರಲ್ಲ ಎಂದಿದ್ದರು ಸರ್. ಹೌದು, ಪೆದ್ದರಲ್ಲ. ನಾವು ಬರೆದದ್ದನ್ನು ಓದಿದವರು.

ಓಣಿಗೆ ಹೋಗಿ, ಗೋಡೆಗೆ ಒರಗಿ ನಿಂತು ಫೋನಿನಲ್ಲೇ ಬರೆದೆ. ಮೂರು ಗುಂಪು, ಎರಡು ನೀರು, ಒಂದು ತೀರ್ಮಾನ. ಉಪಮೆ ಒಂದೂ ಇಲ್ಲ. ಅಂಕಿಅಂಶ ಜೋಡಿಸಿ, ಆ ವರದಿಗಾರನಿಗೆ, ನಮ್ಮ ಪ್ರಬಂಧ ಅಚ್ಚುಹಾಕಿದ ವಿಜ್ಞಾನ ಪತ್ರಿಕೆಯ ಸಂಪಾದಕರಿಗೆ, ಅನುದಾನದ ಸಮಿತಿಗೆ ಒಟ್ಟಿಗೇ ಕಳಿಸಿದೆ. ಸರ್‌ಗೂ ಒಂದು ಪ್ರತಿ. ಗುಬ್ಬಿಗೆ ಬೇರೆಯಾಗಿ ಫೋನು ಮಾಡಿ, ಈ ಮೂರು ಗುಂಪಿನ ಪ್ರಯೋಗವೇ ನಿನ್ನ ಅಧ್ಯಾಯ, ಅಳತೆ ನಿನ್ನದೇ, ಒಂದೂ ತಪ್ಪಿರಲಿಲ್ಲ ಎಂದೆ. ಅತ್ತಳು. ಈ ಸಲ ಗದರಲಿಲ್ಲ.

ಒಳಗೆ ಬಂದಾಗ ಅಕ್ಕ, ‘ಎಲ್ಲಿಗೆ ಹೋಗಿದ್ದೆ?’ ಎಂದಳು. ಹೇಳಿದೆ. ‘ಕೆಲಸ ಹೋಗುತ್ತಾ?’ ‘ಹೋಗಬಹುದು.’ ‘ಗುಂಡಿ ಹೊಲಿಯೋಕೆ ಬರುತ್ತಾ ನಿಂಗೆ?’ ‘ಇಲ್ಲ.’ ‘ಕಷ್ಟ’ ಎಂದು ಮತ್ತೆ ಕಣ್ಣು ಮುಚ್ಚಿದಳು.

ಸರ್ ಸಂಜೆಯಿಂದ ಏಳೆಂಟು ಸಲ ಫೋನು ಮಾಡಿದ್ದಾರೆ. ನಾಳೆ ಎದುರಿಗೇ ಹೋಗುತ್ತೇನೆ. ಯಾರನ್ನು ಕೇಳಿ ಕಳಿಸಿದಿರಿ ಎನ್ನುತ್ತಾರೆ. ಇವತ್ತು ಕೈ ಎತ್ತಿ ಕರೆದವರ ಹೆಸರು ಕೇಳಿಕೊಳ್ಳಲಿಲ್ಲ. ಕಿಟಕಿ ಪಕ್ಕದ ಕುರ್ಚಿಯವರನ್ನು ಕೇಳಿ ಕಳಿಸಿದೆ ಎನ್ನುತ್ತೇನೆ.